ಎರಡು ಗಡಿ ದಾಟುವ ಸೀಸೆ



ವಿಷಯದ ಹೆಸರು ಕೇಳಿ ನಿಮ್ಮಲ್ಲಿ ಕೆಲವರು ಮುಗುಳ್ನಕ್ಕಿದ್ದನ್ನು ನೋಡಿದೆ. ಕುಡಿಯುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಕೈಹಾಕುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ತುಂಬಿದ ವಿಸ್ಕಿಯ ಸೀಸೆಯೊಂದು ಬೆಂಗಳೂರಿನ ಅಂಗಡಿಯ ಕಪಾಟು ಸೇರುವಷ್ಟರಲ್ಲಿ ಏನೇನು ದಾಟಿ ಬರುತ್ತದೆ ಎಂಬುದಷ್ಟೇ ನನ್ನ ಮಾತು. ಕೇಂದ್ರ ಮತ್ತು ರಾಜ್ಯಗಳು ಅಧಿಕಾರವನ್ನು ಹೇಗೆ ಹಂಚಿಕೊಂಡಿವೆ ಎಂಬುದನ್ನು ಈ ಸೀಸೆಯಷ್ಟು ಚೆನ್ನಾಗಿ ತೋರಿಸುವ ವಸ್ತು ಇನ್ನೊಂದು ಇರಲಾರದು.

'ಅಬಕಾರಿ' ಪಾರಸಿಯಿಂದ ಬಂದ ಪದ. 'ಆಬ್' ಎಂದರೆ ನೀರು, 'ಕಾರ್' ಎಂದರೆ ಕೆಲಸ. ಬಟ್ಟಿ ಇಳಿಸುವವನ ಕಸುಬಿಗಿದ್ದ ಹೆಸರು ಬರಬರುತ್ತಾ ಅದರ ಮೇಲಿನ ತೆರಿಗೆಗೂ, ತೆರಿಗೆ ಎತ್ತುವ ಇಲಾಖೆಗೂ ಅಂಟಿಕೊಂಡಿತು. ಸಂವಿಧಾನ ಬರೆಯುವಾಗ ಮದ್ಯದ ತಯಾರಿಕೆ, ಸಾಗಣೆ, ಮಾರಾಟ, ಅದರ ಮೇಲಿನ ಅಬಕಾರಿ ಸುಂಕ ಎಲ್ಲವನ್ನೂ ರಾಜ್ಯಗಳಿಗೆ ಬಿಟ್ಟರು. ವಿದೇಶೀ ವ್ಯಾಪಾರ ಮತ್ತು ಆಮದು ಸುಂಕ ಮಾತ್ರ ಕೇಂದ್ರದ ಪಾಲಾಯಿತು. ಜೊತೆಗೆ, ಪಾನನಿರೋಧಕ್ಕೆ ಸರ್ಕಾರಗಳು ಯತ್ನಿಸಬೇಕು ಎಂದು 47ನೇ ವಿಧಿ ಹೇಳಿತು. ಯಾವುದನ್ನು ನಿಲ್ಲಿಸಬೇಕೋ ಅದರಿಂದಲೇ ಬೊಕ್ಕಸ ತುಂಬಬೇಕಾದ ಸಂಕಟ ಅಂದಿನಿಂದಲೂ ಇದೆ.

ಹಾಗಾದರೆ ವಿದೇಶದಿಂದ ಬಂದ ಸೀಸೆ ಯಾರ ಕೈಗೆ ಸೇರಬೇಕು? ಮುಂಬಯಿ ಪ್ರಾಂತ್ಯದ 1949ರ ಪಾನನಿರೋಧ ಕಾಯ್ದೆಯನ್ನು ಎಫ್.ಎನ್. ಬಲ್ಸಾರಾ ಎಂಬವರು ಪ್ರಶ್ನಿಸಿದಾಗ ಇದೇ ವಾದ ಎದ್ದಿತು. ಆಮದು ಕೇಂದ್ರದ್ದಾದ ಮೇಲೆ ಆಮದಾದ ಸರಕಿನ ಮಾರಾಟವನ್ನು ರಾಜ್ಯ ತಡೆಯುವುದು ಹೇಗೆ? 1951ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಉತ್ತರ ಸರಳ: ಸರಕು ಸುಂಕದ ಗಡಿ ದಾಟಿದಲ್ಲಿಗೆ ಆಮದು ಮುಗಿಯಿತು, ಅಲ್ಲಿಂದ ಮುಂದೆ ಅದು ರಾಜ್ಯದ ಹದ್ದಿನೊಳಗಿನ ಮದ್ಯ.

ಮೊದಲ ಗಡಿ ಬಂದರು. ಅಲ್ಲಿ ಆಮದುದಾರ ತಕ್ಷಣ ಸುಂಕ ಕಟ್ಟಬೇಕೆಂದಿಲ್ಲ; ಕಸ್ಟಮ್ಸ್ ಬೀಗದ ಬಾಂಡೆಡ್ ಉಗ್ರಾಣದಲ್ಲಿಟ್ಟು, ಹೊರತೆಗೆಯುವಾಗ ಕಟ್ಟಬಹುದು. ದರ ಮಾತ್ರ ಬೆವರಿಳಿಸುವಂಥದು. ಬಹುಕಾಲ ಅದು ಶೇ 150 ಇತ್ತು, ಅಂದರೆ ಸಾವಿರ ರೂಪಾಯಿಯ ಸೀಸೆ ಬಂದರಿನಲ್ಲೇ ಎರಡೂವರೆ ಸಾವಿರ. ಅದರ ಮೇಲೆ ಹೇರುತ್ತಿದ್ದ ಹೆಚ್ಚುವರಿ ಸುಂಕದ ಬಗ್ಗೆ ಯುರೋಪು, ಅಮೆರಿಕಗಳು ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತ್ತ ಮೇಲೆ 2007ರಲ್ಲಿ ಭಾರತ ಅದನ್ನು ಕೈಬಿಟ್ಟಿತು. 2021ರ ಬಜೆಟ್ಟಿನಲ್ಲಿ ಇನ್ನೊಂದು ಚಮತ್ಕಾರ ನಡೆಯಿತು. ಶೇ 150ರ ಸುಂಕವನ್ನು 50ಕ್ಕೆ ಇಳಿಸಿ, ಉಳಿದ 100ನ್ನು ಕೃಷಿ ಮೂಲಸೌಕರ್ಯದ ಸೆಸ್ ಎಂದು ಕರೆದರು. ಕೊಳ್ಳುವವನಿಗೆ ಒಂದು ಪೈಸೆಯ ವ್ಯತ್ಯಾಸವೂ ಆಗಲಿಲ್ಲ. ಆದರೆ ಸುಂಕದಲ್ಲಿ ರಾಜ್ಯಗಳಿಗೆ ಪಾಲುಂಟು, ಸೆಸ್‌ನಲ್ಲಿ ಇಲ್ಲ!

ಎರಡನೆಯ ಗಡಿ ರಾಜ್ಯದ್ದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಭಾಷೆಯಲ್ಲಿ ಬೆಂಗಳೂರಿನಿಂದ ಹೊಸೂರಿಗೆ ಮದ್ಯ ಒಯ್ದರೆ ಅದೂ 'ರಫ್ತು'. ಪ್ರತಿ ರಾಜ್ಯದಲ್ಲೂ ಲೇಬಲ್ಲನ್ನು ಬೇರೆಯಾಗಿ ನೋಂದಾಯಿಸಬೇಕು, ಶುಲ್ಕ ಕಟ್ಟಬೇಕು, ಆ ರಾಜ್ಯದ ಅಬಕಾರಿ ಚೀಟಿ ಅಂಟಿಸಬೇಕು. ನಮ್ಮಲ್ಲಿ 2003ರಿಂದ ಸಗಟು ವ್ಯಾಪಾರ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಅಂಗಡಿಯವನು ಆಮದುದಾರನಿಂದ ನೇರವಾಗಿ ಕೊಳ್ಳುವಂತಿಲ್ಲ. ತಮಿಳುನಾಡು ಅದೇ ವರ್ಷ ಚಿಲ್ಲರೆ ಅಂಗಡಿಗಳನ್ನೂ ತನ್ನ ನಿಗಮಕ್ಕೇ ವಹಿಸಿತು. ಗುಜರಾತಿನಲ್ಲಿ ಪಾನನಿರೋಧ, ಬಿಹಾರ 2016ರಲ್ಲಿ ಆ ಸಾಲಿಗೆ ಸೇರಿತು. ಇಷ್ಟು ಅಧಿಕಾರ ಎಲ್ಲಿಂದ ಎಂದು ಕೇಳಿದರೆ, ಕರ್ನಾಟಕದ್ದೇ ಆದ ಖೋಡೆ ಡಿಸ್ಟಿಲರೀಸ್ ಮೊಕದ್ದಮೆಯನ್ನು ನೋಡಬೇಕು. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ, ಸರ್ಕಾರ ಬೇಕಿದ್ದರೆ ಅದರ ಏಕಸ್ವಾಮ್ಯವನ್ನೂ ಹೊಂದಬಹುದು ಎಂದು 1994ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2017ರಲ್ಲಿ ಜಿ.ಎಸ್.ಟಿ. ಬಂದಾಗಲೂ ರಾಜ್ಯಗಳು ಕುಡಿಯುವ ಮದ್ಯವನ್ನು ಬಿಟ್ಟುಕೊಡಲಿಲ್ಲ. ಹಣದ ಮಾತು ಬಂದಾಗ ಪಕ್ಷಭೇದ ಮಾಯವಾಗುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ದೇಶೀ ಸೀಸೆಗಳ ಮೇಲೆ ಶೇ 42.8 ಎಂಬ ವಿಚಿತ್ರ ಅಂಕಿ ಏಕೆ? ಬ್ರಿಟಿಷರ ಹಳೆಯ 'ಪ್ರೂಫ್' ಅಳತೆಯಲ್ಲಿ ನೂರು ಡಿಗ್ರಿ ಎಂದರೆ ಶೇ 57.1 ಮದ್ಯಸಾರ, ಅದರ ಮುಕ್ಕಾಲು 42.8. ಅವರು ಆ ಅಳತೆ ಬಿಟ್ಟು ಶೇ 40ಕ್ಕೆ ಬಂದರು, ನಾವು ಹಿಡಿದುಕೊಂಡಿದ್ದೇವೆ. 'ಭಾರತದಲ್ಲಿ ತಯಾರಾದ ವಿದೇಶೀ ಮದ್ಯ' ಎಂಬ ಹೆಸರೂ ಅಂಥದ್ದೇ. ಅದರಲ್ಲಿ ಬಹಳಷ್ಟು ಕಬ್ಬಿನ ಕಾಕಂಬಿಯಿಂದ ಬರುತ್ತದೆ. ಅದನ್ನು ವಿಸ್ಕಿ ಎಂದು ಕರೆಯಲು ಯುರೋಪಿನ ಕಾನೂನು ಒಪ್ಪುವುದಿಲ್ಲ. ಬೆಂಗಳೂರಿನ ಅಮೃತ್ ಸಂಸ್ಥೆ ಬಾರ್ಲಿಯಿಂದಲೇ ತಯಾರಿಸಿದ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಉತ್ತರ ಕೊಟ್ಟರೆ ಹೀಗೆ ಕೊಡಬೇಕು.

ಆದರೆ ಸ್ಕಾಚ್ ಕೊಳ್ಳುವವನ ಕಷ್ಟಕ್ಕೆ ಕಣ್ಣೀರು ಹಾಕಲು ನಾನು ಬಂದಿಲ್ಲ. ಗೋಡೆಗಳು ಎತ್ತರವಾದಾಗ ನಿಜವಾಗಿ ಸಾಯುವವನು ಬೇರೆಯವನು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿಗೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. 2007ರ ಜುಲೈನಲ್ಲಿ ರಾಜ್ಯ ಸಾರಾಯಿಯನ್ನು ನಿಷೇಧಿಸಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಜನ ಸತ್ತರು. ಇಂಥ ಸಾವುಗಳ ಹಿಂದೆ ಸಾಮಾನ್ಯವಾಗಿ ಇರುವುದು ಮೆಥನಾಲ್. ಕಾರ್ಖಾನೆಗೆ ಹೋಗಬೇಕಾದ ದ್ರವ ಗುಡಿಸಲಿಗೆ ಬರುತ್ತದೆ. ಕಾರ್ಖಾನೆಯ ಮದ್ಯಸಾರದ ಮೇಲೆ ರಾಜ್ಯಗಳಿಗೆ ಹಿಡಿತವಿಲ್ಲವೆಂದು 1989ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. 2024ರ ಅಕ್ಟೋಬರಿನಲ್ಲಿ ಒಂಬತ್ತು ಮಂದಿಯ ಪೀಠ ಅದನ್ನು ತಿರುಗಿಸಿ, ಆ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಎಂಟು ಮಂದಿ ಒಂದು ಕಡೆ; ಭಿನ್ನವಾಗಿ ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅಧಿಕಾರವನ್ನು ರಾಜ್ಯಗಳು ತೆರಿಗೆಗೆ ಬಳಸುತ್ತವೋ ಕಾವಲಿಗೆ ಬಳಸುತ್ತವೋ, ನನ್ನ ಕುತೂಹಲ ಅಲ್ಲಿದೆ.

2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಜೊತೆಗಿನ ಒಪ್ಪಂದ ಅಲ್ಲಿನ ವಿಸ್ಕಿಯ ಮೇಲಿನ ಶೇ 150ನ್ನು ಮೊದಲು 75ಕ್ಕೆ, ಹತ್ತನೇ ವರ್ಷಕ್ಕೆ 40ಕ್ಕೆ ಇಳಿಸುವ ಮಾತು ಕೊಟ್ಟಿದೆ. ಅಂಗಡಿಯ ಬೆಲೆಯೂ ಅರ್ಧವಾದೀತೆಂದು ಹಲವರು ಲೆಕ್ಕ ಹಾಕಿದ್ದಾರೆ. ಲಂಡನ್ನಿಗೂ ದೆಹಲಿಗೂ ಮಾತಾದದ್ದು ಮೊದಲ ಗಡಿಯ ಬಗ್ಗೆ ಮಾತ್ರ. ಎರಡನೆಯ ಗಡಿಯ ಕೀಲಿಕೈ ವಿಧಾನಸೌಧದಲ್ಲಿದೆ.