ನೈಜೀರಿಯಾಕ್ಕೆ ಹೊರಡುವ ಮುನ್ನ
(ಸಭಾಸದರ ಸಭೆಯಲ್ಲಿ ನಮ್ಮ ನಿವೃತ್ತ ಕೆಮಿಸ್ಟರು ಮಾಡಿದ ಭಾಷಣ)



ನೈಜೀರಿಯಾದಲ್ಲಿ ಬೆನುಯೆ ನದಿಯ ದಂಡೆಗೆ ನುಮಾನ್ ಎಂಬ ಊರಿದೆ. ಅಲ್ಲಿಯೂ ಕಬ್ಬಿದೆ, ಸಕ್ಕರೆ ಕಾರ್ಖಾನೆಯಿದೆ. ಆ ದೇಶದಲ್ಲಿ ನಾನೂ ಎರಡು ಹಂಗಾಮು ದುಡಿದು ಬಂದವನು. ನಿಮ್ಮ ಮಕ್ಕಳು ಅತ್ತ ಹೊರಟರೆ ಬಟ್ಟೆಬರೆಗಿಂತ ಮೊದಲು ಸೊಳ್ಳೆಯ ವಿಚಾರ ಮಾಡಿರಿ.

ಹಳದಿ ಜ್ವರದ ಚುಚ್ಚುಮದ್ದು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು. (ಇದು ನಮ್ಮ ಕಡೆಯ ಕಾಮಾಲೆ ಅಲ್ಲ.) ಎಲ್ಲ ದವಾಖಾನೆಗಳಲ್ಲಿ ಸಿಗುವುದಿಲ್ಲ, ಸರಕಾರ ಗೊತ್ತುಪಡಿಸಿದ ಕೇಂದ್ರಕ್ಕೇ ಹೋಗಬೇಕು. ಅಲ್ಲಿ ಕೊಡುವ ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿರಿ. 2016ರಿಂದ ಅದು ಜನ್ಮಪೂರ್ತಿ ನಡೆಯುತ್ತದೆ. ಅದಿಲ್ಲದೆ ಮರಳಿದರೆ ನಮ್ಮ ಸರಕಾರವೇ 6 ದಿನಗಳವರೆಗೆ ಪ್ರತ್ಯೇಕ ಇರಿಸಬಹುದು. ಆ ರೋಗ ನಮ್ಮ ದೇಶದಲ್ಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮ ಹಿತ್ತಿಲಲ್ಲೇ ಇದೆ.

ಮಲೇರಿಯಾಕ್ಕೆ ಈ ಮದ್ದು ನಡೆಯದು. ಡಾಕ್ಟರರನ್ನು ಕೇಳಿ ಹೊರಡುವ ಮೊದಲೇ ಗುಳಿಗೆ ಸುರುಮಾಡಿ, ಮರಳಿದ ಮೇಲೂ ಅವರು ಹೇಳಿದಷ್ಟು ದಿನ ನುಂಗಬೇಕು. ನಾನು ಅರ್ಧಕ್ಕೆ ಬಿಟ್ಟೆ. ಊರಿಗೆ ಬಂದ ಎರಡನೆಯ ವಾರ ಜ್ವರ ಬಂತು. ಪ್ರಯಾಣದ ದಣಿವೆಂದು ಮೂರು ದಿನ ಕಂಬಳಿ ಹೊದ್ದು ಮಲಗಿದೆ. ನಾಲ್ಕನೆಯ ದಿನ ಮೈಮೇಲೆ ಎಚ್ಚರವಿರಲಿಲ್ಲ. "ಇವರು ಆಫ್ರಿಕಾದಿಂದ ಬಂದವರು" ಎಂದು ನಮ್ಮ ಮನೆಯವರು ಡಾಕ್ಟರರಿಗೆ ಹೇಳಿದ್ದರಿಂದ ಕೂಡಲೇ ರಕ್ತ ತಪಾಸಣೆಯಾಯಿತು, ಉಳಿದೆ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಈ ಮಾತು ಹೇಳಿಡಿರಿ.

ಇನ್ನೊಂದು. ಅಲ್ಲಿಯ ಕಬ್ಬು ಎಷ್ಟೇ ಸೊಗಸಾಗಿ ಕಂಡರೂ ಬೀಜಕ್ಕೆಂದು ಒಂದು ಕಣ್ಣಿನ ತುಂಡನ್ನೂ ಚೀಲದಲ್ಲಿ ತರಬೇಡಿರಿ. ಪರವಾನಗಿ ಇಲ್ಲದೆ ತರುವುದಕ್ಕೆ ಕಾಯದೆಯ ಅಡ್ಡಿಯಿದೆ. ತುಂಡಿನೊಳಗಿನ ರೋಗ ಕಣ್ಣಿಗೆ ಕಾಣದು, ನಮ್ಮೆಲ್ಲರ ಹೊಲಕ್ಕೆ ಹಬ್ಬೀತು.

ಚುಚ್ಚುಮದ್ದಿನ ಕೇಂದ್ರದ ವಿಳಾಸ ಬೇಕಾದವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿರಿ.