ಅಲೆಯಿಂದ ಬೆಳಕು



ವಿಜಯಪುರದಿಂದ ಪಡುವಣಕ್ಕೆ ಐದಾರು ಕಿಲೋಮೀಟರು ಹೋದರೆ ತೊರವಿ ಸಿಗುತ್ತದೆ. ಅಲ್ಲಿಯ ನರಸಿಂಹ ದೇವರ ಗುಡಿಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಆ ದೇವರ ಹೆಸರಿನಲ್ಲಿ ಕುಮಾರ ವಾಲ್ಮೀಕಿಯೆಂಬ ಕವಿ ಕನ್ನಡದಲ್ಲಿ ರಾಮಾಯಣವನ್ನು ಹಾಡಿದ. ಅದಕ್ಕೇ ಅದು ತೊರವೆ ರಾಮಾಯಣ. ರಾಮಾಯಣವೆಂದ ಮೇಲೆ ಕಡಲು ಬರಲೇಬೇಕಷ್ಟೆ? ಹನುಮಂತ ಹಾರಬೇಕು, ಕಪಿಗಳು ಸೇತುವೆ ಕಟ್ಟಬೇಕು. ಆದರೆ ತೊರವಿಗೆ ಕಡಲೆಲ್ಲಿ? ಪಡುವಣ ಕಡಲು ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಲ್ಲಿ ನೀರೆಂದರೆ ನೆಲದೊಳಗಿನ ನೀರೇ. ಆದಿಲಶಾಹಿ ಅರಸರ ಕಾಲದಲ್ಲಿ ತೊರವಿಯಿಂದ ಪಟ್ಟಣಕ್ಕೆ ನೆಲದಡಿಯ ಸುರಂಗದಲ್ಲಿ ನೀರು ತಂದರು. ಸುರಂಗ ಬಾವಡಿ ಎನ್ನುತ್ತಾರೆ. ಆ ಸುರಂಗದ ಮೇಲೆ ಅಲ್ಲಲ್ಲಿ ಬಾವಿಯಂಥ ಕಿಂಡಿಗಳಿವೆ. ಈ ಕಿಂಡಿಗಳನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತವೆ.

ತೊರವಿಯ ಒಂದು ಮನೆಯಲ್ಲಿ ಸಂಜೆ ಕುಳಿತಿದ್ದೆ. ದೀಪ ಹೋಯಿತು. ಓದುತ್ತಿದ್ದ ಪುಟ್ಟ ಹುಡುಗಿ ಪುಸ್ತಕ ಮುಚ್ಚಿದಳು. ಹಿಂದಿನ ರಜೆಯಲ್ಲಿ ಆಕೆ ಕಾರವಾರಕ್ಕೆ ಹೋಗಿ ಬಂದಿದ್ದಳಂತೆ. ಕತ್ತಲಲ್ಲಿಯೇ ಕೇಳಿದಳು: “ಕಡಲಿನಾಗ ಅಷ್ಟು ನೀರು ಸುಮ್ಮನ ಕುಣಿತದಲ್ಲ, ಅದರಿಂದ ಕರೆಂಟ್ ತೆಗೀಲಿಕ್ಕೆ ಬರೂದಿಲ್ಲೇನು?”

ಪ್ರಶ್ನೆ ಚಿಕ್ಕದಲ್ಲ. ಬರುತ್ತದೆ ಎಂದು ಹೇಳಿದೆ. ಹೇಗೆಂದು ಹೇಳುವುದಕ್ಕೆ ಆ ಸಂಜೆ ಸಾಲಲಿಲ್ಲ. ಇಂದು ನಿಮ್ಮೆಲ್ಲರಿಗೂ ಹೇಳುತ್ತೇನೆ.

ಮೊದಲು, ಅಲೆಯೆಂದರೇನು? ಹಿಂಗಾರಿನ ಜೋಳ ಎದೆಯೆತ್ತರ ಬೆಳೆದಾಗ ಹೊಲದ ಬದುವಿನ ಮೇಲೆ ನಿಂತು ನೋಡಿರಿ. ಗಾಳಿ ಬೀಸಿದರೆ ಹೊಲದ ಈ ತುದಿಯಿಂದ ಆ ತುದಿಗೆ ಅಲೆ ಓಡುತ್ತದೆ. ಆದರೆ ಒಂದು ದಂಟಾದರೂ ತನ್ನ ಜಾಗ ಬಿಟ್ಟು ಹೋಯಿತೆ? ಇಲ್ಲ. ಬಾಗಿತು, ಎದ್ದಿತು, ಅಷ್ಟೆ. ನಡುಗಡಲಿನ ಅಲೆಯೂ ಬಹುಮಟ್ಟಿಗೆ ಹೀಗೆಯೇ. ನೀರಿನ ಮೇಲೆ ಬೂಚು ತೇಲಿಬಿಟ್ಟರೆ ಅದು ಏರುತ್ತದೆ, ಇಳಿಯುತ್ತದೆ. ಅಲೆ ಮಾತ್ರ ಅದರ ಅಡಿಯಿಂದ ಮುಂದಕ್ಕೆ ಸಾಗಿಹೋಗುತ್ತದೆ. ಹೀಗೆ ಸಾಗಿಹೋಗುವುದು ನೀರಲ್ಲ, ಶಕ್ತಿ. ಆ ಶಕ್ತಿಯನ್ನು ಕೊಟ್ಟದ್ದು ಗಾಳಿ. ಗಾಳಿಯನ್ನು ಎಬ್ಬಿಸಿದ್ದು ಸೂರ್ಯನ ಕಾವು. ನಿಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸುವ ಬಿಸಿಲೇ ಅಲ್ಲಿ ಅಲೆಯಾಗಿ ದಡಕ್ಕೆ ಬಡಿಯುತ್ತದೆ.

ಈಗ ಒಂದು ಆಟ. ಖಾಲಿ ಪ್ಲಾಸ್ಟಿಕ್ ಬಾಟಲಿಯ ತಳವನ್ನು ದೊಡ್ಡವರ ಕೈಯಿಂದ ಕತ್ತರಿಸಿಕೊಳ್ಳಿರಿ. ಮುಚ್ಚಳ ತೆಗೆಯಿರಿ. ಕತ್ತರಿಸಿದ ಕಡೆಯನ್ನು ಕೆಳಗೆ ಮಾಡಿ ಬಕೆಟ್ಟಿನ ನೀರಿನಲ್ಲಿ ನೆಟ್ಟಗೆ ಅದ್ದಿರಿ, ಮೇಲಕ್ಕೆತ್ತಿರಿ, ಮತ್ತೆ ಅದ್ದಿರಿ. ಬಾಯಿಯ ಹತ್ತಿರ ಕೆನ್ನೆ ಹಿಡಿದರೆ ತಂಪು ಗಾಳಿ ತಾಕುತ್ತದೆ. ಅದ್ದಿದಾಗ ಗಾಳಿ ಹೊರಗೆ, ಎತ್ತಿದಾಗ ಒಳಗೆ. ಕಮ್ಮಾರನ ತಿದಿಯಂತೆ ಬಾಟಲಿ ಉಸಿರಾಡುತ್ತದೆ. ಕಡಲಿನಲ್ಲಿ ಬಾಟಲಿಯನ್ನು ಆಡಿಸುವ ಕೆಲಸವೇ ಇಲ್ಲ. ಅದು ಅಲುಗದೆ ನಿಲ್ಲಲಿ. ಏರಿಳಿಯಲು ನೀರೇ ಇದೆಯಲ್ಲ!

ತೊರವಿಯ ಸುರಂಗದ ಕಿಂಡಿ ಈಗ ನೆನಪಾಯಿತೆ? ಕೆಳಗೆ ನೀರು, ಮೇಲೆ ಗಾಳಿ, ತುದಿಯಲ್ಲಿ ಬಾಯಿ. ಆ ನೀರು ಕಡಲಿನಂತೆ ಕ್ಷಣಕ್ಷಣಕ್ಕೆ ಏರಿಳಿದಿದ್ದರೆ ಕಿಂಡಿಯೂ ಉಸಿರಾಡುತ್ತಿತ್ತು.

ಇದನ್ನೇ ನಮ್ಮ ದೇಶದಲ್ಲಿ ನಿಜವಾಗಿ ಮಾಡಿ ನೋಡಿದರು. ಕೇರಳದ ತಿರುವನಂತಪುರದ ಬಳಿ ವಿಳಿಂಜಂ ಎಂಬ ಬಂದರಿದೆ. ಮದ್ರಾಸಿನ ಐ.ಐ.ಟಿ.ಯವರು ಅಲ್ಲಿಯ ಕಡಲಿನಲ್ಲಿ ಕಾಂಕ್ರೀಟಿನ ದೊಡ್ಡದೊಂದು ಕೋಣೆಯನ್ನು ನಿಲ್ಲಿಸಿದರು. ಅದರ ಮುಂಭಾಗ ನೀರಿನಡಿಯಲ್ಲಿ ತೆರೆದಿತ್ತು. ನೆತ್ತಿಯ ಮೇಲೆ ಗಾಳಿ ಹೋಗಿಬರುವ ಕೊಳವೆ, ಕೊಳವೆಯಲ್ಲಿ ಒಂದು ಚಕ್ರ. 1991ರಲ್ಲಿ ಅದು ವಿದ್ಯುತ್ತನ್ನು ಕೊಡತೊಡಗಿತು.

ಇಲ್ಲಿ ಜಾಣ ಮಕ್ಕಳು ನನ್ನನ್ನು ತಡೆಯಬೇಕು. ಎಲೆಗಳನ್ನು ಓರೆಯಾಗಿ ಮಡಿಸಿದ ಕಾಗದದ ತಿರುಗಣಿಯನ್ನು ಮುಂದಿನಿಂದ ಊದಿದರೆ ಒಂದು ಕಡೆಗೆ ತಿರುಗುತ್ತದೆ, ಹಿಂದಿನಿಂದ ಊದಿದರೆ ಇನ್ನೊಂದು ಕಡೆಗೆ. ಕೋಣೆಯ ಉಸಿರು ಒಮ್ಮೆ ಹೊರಗೆ, ಒಮ್ಮೆ ಒಳಗೆ. ಹಾಗಾದರೆ ಚಕ್ರ ಅತ್ತ ಒಂದು ಸುತ್ತು, ಇತ್ತ ಒಂದು ಸುತ್ತು ತಿರುಗಿ ಸುಸ್ತಾಗುವುದಿಲ್ಲವೆ? ಈ ತೊಡಕನ್ನು ಬಿಡಿಸಿದವನು ಬೆಲ್‌ಫಾಸ್ಟಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲನ್ ವೆಲ್ಸ್, 1970ರ ದಶಕದಲ್ಲಿ. ಆತ ಎಲೆಗಳನ್ನು ಓರೆಯಾಗಿಡಲಿಲ್ಲ. ಮುಂದಿನ ಅಂಚು ದಪ್ಪ ಮತ್ತು ದುಂಡು, ಹಿಂದಿನದು ಮೀನಿನ ಬಾಲದಂತೆ ತೆಳು, ಎರಡೂ ಮೈ ಒಂದೇ ಸಮ: ಅಂಥ ಎಲೆಗಳನ್ನು ಚಕ್ರಕ್ಕೆ ಮಟ್ಟಸವಾಗಿ ಜೋಡಿಸಿದ. ಗಾಳಿ ಯಾವ ಕಡೆಯಿಂದ ಬಂದರೂ ಈ ಚಕ್ರ ದಪ್ಪ ಅಂಚನ್ನೇ ಮುಂದೆ ಮಾಡಿಕೊಂಡು ಒಂದೇ ದಿಕ್ಕಿಗೆ ತಿರುಗುತ್ತದೆ. ದೋಷವಿಲ್ಲವೆಂದಲ್ಲ. ನಿಂತಲ್ಲಿಂದ ಹೊರಡುವುದಕ್ಕೆ ಬಲು ಸೋಮಾರಿ. ಹೊರಟ ಮೇಲೆ ಗದ್ದಲವೂ ಹೆಚ್ಚು. ಆದರೂ ಇದು ನನಗೆ ಬಹಳ ಮೆಚ್ಚಿಕೆಯಾದ ಯಂತ್ರ. ಚಕ್ರ ತಿರುಗಿದ ಮೇಲೆ ಉಳಿದದ್ದು ಸುಲಭ. ಅಜ್ಜನ ಸೈಕಲ್ಲಿನ ಡೈನಮೋ ನೋಡಿದ್ದೀರಲ್ಲ, ಅದರಂತೆಯೇ ಅಯಸ್ಕಾಂತ ಮತ್ತು ತಂತಿಯ ಸುರುಳಿ ಸೇರಿ ವಿದ್ಯುತ್ತಾಗುತ್ತದೆ.

ಸರಿ, ಎಷ್ಟು ವಿದ್ಯುತ್ತು? ಹುಡುಗಿಗೆ ಇದನ್ನು ಮರೆಮಾಚಬಾರದೆಂದು ನನಗೆ ಅನಿಸಿತು. ವಿಳಿಂಜಂ ಯಂತ್ರದ ಪೂರ್ಣ ಬಲ 150 ಕಿಲೋವ್ಯಾಟ್. ನಮ್ಮ ಜಿಲ್ಲೆಯ ಆಲಮಟ್ಟಿ ಅಣೆಕಟ್ಟಿನ ವಿದ್ಯುದಾಗಾರದ ಬಲ 290 ಮೆಗಾವ್ಯಾಟ್. ಅಂದರೆ ಒಂದು ಆಲಮಟ್ಟಿಗೆ ಸರಿಗಟ್ಟಲು ವಿಳಿಂಜಮಿನಂಥವು ಎರಡು ಸಾವಿರದಷ್ಟು ಬೇಕು! ಆ ಪೂರ್ಣ ಬಲವಾದರೂ ದಿನವೂ ಸಿಗುವುದಿಲ್ಲ. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಎತ್ತರ ಅರ್ಧವಾದರೆ ಶಕ್ತಿ ಕಾಲು ಭಾಗವಷ್ಟೆ. ಮುಂಗಾರಿನಲ್ಲಿ ರುದ್ರನಂತೆ ಕುಣಿಯುವ ಪಡುವಣ ಕಡಲು ಚಳಿಗಾಲದಲ್ಲಿ ಮೊಸರಿನ ಗಡಿಗೆಯಂತೆ ಮಲಗಿರುತ್ತದೆ. ಮೇಲಾಗಿ ಉಪ್ಪು ಗಾಳಿ ಕಬ್ಬಿಣವನ್ನು ತಿನ್ನುತ್ತದೆ, ದೊಡ್ಡ ಅಲೆ ಕಟ್ಟಡವನ್ನು ಗುದ್ದುತ್ತದೆ. ವಿಳಿಂಜಮಿನ ಯಂತ್ರ ಈಗ ನಡೆಯುತ್ತಿಲ್ಲ.

ಆದರೆ ನಿಲ್ಲುವ ಮುಂಚೆ ಅದು ಇನ್ನೊಂದು ಕೆಲಸ ಮಾಡಿತು. 2004ರಲ್ಲಿ ಅದರ ವಿದ್ಯುತ್ತಿನಿಂದ ಕಡಲ ನೀರಿನ ಉಪ್ಪು ತೆಗೆದು ದಿನಕ್ಕೆ 10,000 ಲೀಟರ್ ಸಿಹಿನೀರು ಮಾಡುವ ಏರ್ಪಾಡನ್ನು ಅಲ್ಲಿ ಮಾಡಿದರು. ನೀರಿಗಾಗಿ ನೆಲದಡಿ ಸುರಂಗ ತೋಡಿದ ನಾಡಿನವನಾದ ನನಗೆ ದೀಪಕ್ಕಿಂತ ಇದೇ ಹೆಚ್ಚಿನದೆಂದು ತೋರುತ್ತದೆ. ವಿದ್ಯುತ್ತು ಏರಿಳಿದರೂ ತೊಟ್ಟಿಯಲ್ಲಿ ತುಂಬಿದ ನೀರು ಎಲ್ಲಿಯೂ ಹೋಗುವುದಿಲ್ಲವಷ್ಟೆ.

ಹೊರನಾಡಿನವರೂ ಸುಮ್ಮನೆ ಕುಳಿತಿಲ್ಲ. ಸ್ಪೇನ್ ದೇಶದ ಮುತ್ರಿಕು ಎಂಬ ಊರಿನಲ್ಲಿ ಬಂದರಿನ ಕಾವಲಿಗೆ ಅಲೆತಡೆಯ ಗೋಡೆ ಕಟ್ಟುವಾಗ, ಗೋಡೆಯ ಹೊಟ್ಟೆಯಲ್ಲಿಯೇ ಇಂಥ ಉಸಿರಾಡುವ ಕೋಣೆಗಳನ್ನು ಇಟ್ಟರು. 2011ರಲ್ಲಿ 16 ಚಕ್ರಗಳೊಡನೆ ಅದು ಆರಂಭವಾಯಿತು. ಹೇಗೂ ಕಟ್ಟಬೇಕಾದ ಗೋಡೆ. ಖರ್ಚಿನ ಒಂದು ಪಾಲು ಉಳಿಯಿತು. ನಮ್ಮ ಉಳ್ಳಾಲದ ಕಡೆ ಕಡಲ್ಕೊರೆತ ತಡೆಯಲು ಹಾಕಿರುವ ಬಂಡೆಗಳನ್ನು ಕಂಡಾಗಲೆಲ್ಲ ನನಗೆ ಮುತ್ರಿಕುವಿನ ನೆನಪಾಗುತ್ತದೆ. ಅಲ್ಲಿಯ ಅಲೆ ಬೇರೆ, ಇಲ್ಲಿಯದು ಬೇರೆ, ಬಲ್ಲೆ. ಆದರೂ ನೆನಪಾಗುತ್ತದೆ.

ಮದ್ರಾಸಿನ ಐ.ಐ.ಟಿ.ಯವರು ಮತ್ತೆ ಪ್ರಯತ್ನಿಸಿದರು. 2022ರ ನವೆಂಬರಿನಲ್ಲಿ, ತೂತುಕುಡಿಯ ತೀರದಿಂದ ಸುಮಾರು ಆರು ಕಿಲೋಮೀಟರು ಒಳಗೆ, ಅಲೆಯೊಡನೆ ಏರಿಳಿಯುವ ತೇಲುಬುರುಡೆಯ ಯಂತ್ರವೊಂದನ್ನು ಬಿಟ್ಟು ಪರೀಕ್ಷಿಸಿದರು. ಅದರ ಹೆಸರು ಸಿಂಧುಜ-1. ಬಲ 100 ವ್ಯಾಟ್.

ಇದನ್ನು ತೊರವಿಯ ಹುಡುಗಿಗೆ ಹೇಳಿದಾಗ ಆಕೆ ಮೋರೆ ಸಣ್ಣದು ಮಾಡುತ್ತಾಳೆಂದು ತಿಳಿದಿದ್ದೆ. ಆಕೆ ಮೇಲಿದ್ದ ಬಲ್ಬನ್ನು ನೋಡಿದಳು. ಅದು ಒಂಬತ್ತು ವ್ಯಾಟಿನದು. ಬೆರಳು ಮಡಿಸಿ ಎಣಿಸಿದಳು.

“ಹನ್ನೊಂದು ದೀಪ ಹತ್ತತಾವ,” ಎಂದಳು. “ನಮ್ಮ ಮನಿಗೆ ಐದ ಸಾಕು.”