ಷೇರುದಾರರು ಗಮನಿಸಬೇಕಾದುದೇನು?



ಷೇರಿನ ದರವನ್ನು ದಿನವೂ ನೋಡುವುದೇ ಎಚ್ಚರಿಕೆಯೆಂದು ಅನೇಕ ಸಣ್ಣ ಹೂಡಿಕೆದಾರರು ಭಾವಿಸುತ್ತಾರೆ. ಅದಷ್ಟೇ ಸಾಲದೆಂಬುದಕ್ಕೆ ಈ ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸಂಸ್ಥೆಯ ಪ್ರಕರಣವೇ ಸಾಕ್ಷಿ. 2009ರ ಜನವರಿ 7ರಂದು ಅದರ ಅಧ್ಯಕ್ಷರು, ಲೆಕ್ಕಪತ್ರದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಹಾಗೂ ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲವೆಂದು ಒಪ್ಪಿಕೊಂಡರು. ಸುಮಾರು 179 ರೂಪಾಯಿಯಿದ್ದ ಷೇರು ಅಂದೇ 40 ರೂಪಾಯಿಯ ಆಸುಪಾಸಿಗೆ ಕುಸಿಯಿತು.

ಮೂರು ವಾರಗಳ ಹಿಂದೆಯೇ, ಅಧ್ಯಕ್ಷರ ಕುಟುಂಬದ ಎರಡು ಸಂಸ್ಥೆಗಳನ್ನು ಕೊಳ್ಳುವ ನಿರ್ಣಯವನ್ನು ಹೂಡಿಕೆದಾರರ ವಿರೋಧದಿಂದ ಕೈಬಿಡಲಾಗಿತ್ತು. ಅದೇ ಮುನ್ಸೂಚನೆಯಾಗಿತ್ತು.

ಆದುದರಿಂದ ವಾರ್ಷಿಕ ವರದಿಯಲ್ಲಿ ಆಡಳಿತದವರ ಬಂಧುಗಳೊಂದಿಗಿನ ವ್ಯವಹಾರಗಳನ್ನು ತಪ್ಪದೆ ಪರಿಶೀಲಿಸಿರಿ. ಆದರೂ ವರದಿಯೇ ಸುಳ್ಳಾಗಬಹುದು. ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಷೇರಿನಲ್ಲಿ ತೊಡಗಿಸದಿರಿ. ದೂರುಗಳಿದ್ದಲ್ಲಿ ಸೆಬಿಯ ಸ್ಕೋರ್ಸ್ ವ್ಯವಸ್ಥೆಯ ಮೂಲಕ ಸಲ್ಲಿಸಿರಿ. ವಿವೇಕವೇ ಹೂಡಿಕೆದಾರನ ಮೊದಲ ರಕ್ಷಣೆ.